ಗೋಕರ್ಣದ ಬೀಚಿನಲ್ಲಿ ಓಡಿಸಿದ ಮೇಲೆ ಚೈನು ಕರಕರ ಅನ್ನುತ್ತಿದ್ದರೆ

ಒಬ್ಬರೇ ಸುತ್ತಾಡುತ್ತಾ ನಾಳೆ ಮಿರ್ಜಾನ್ ಕೋಟೆಗೆ ಹೊರಟಿದ್ದೀರಿ, ಆದರೆ ಬೆಂಗಳೂರಿನಿಂದ ಗೋಕರ್ಣದವರೆಗೆ ಸದ್ದಿಲ್ಲದೆ ಬಂದ ಸೈಕಲ್, ಬೀಚಿನಲ್ಲಿ ಒಂದು ಸುತ್ತು ಹೊಡೆದ ಮೇಲೆ ಕರಕರ ಅನ್ನುತ್ತಿದೆ, ಗೇರು ಜಾರುತ್ತಿದೆ ಅಂದರೆ ಬಹುತೇಕ ಉಪ್ಪು ಮರಳಿನದೇ ಕೆಲಸ. ಚೈನಿನ ಎಣ್ಣೆಗೆ ಅಂಟಿ ಕೂತಿರುತ್ತದೆ. ಗೇರಿನ ಕೇಬಲ್ ಸಡಿಲಾದರೂ ಗೇರು ಜಾರುತ್ತದೆ, ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ತೊಳೆಯಿರಿ.

ಅಲ್ಲಿಯವರೆಗೆ ಪೆಡಲ್ ತುಳಿಯಬೇಡಿ. ಸುಮ್ನೆ ಮೇಲಿಂದ ಎಣ್ಣೆ ಬಿಟ್ಟರೆ ಮರಳು ಇನ್ನೂ ಒಳಗೆ ಹೋಗುತ್ತದೆ. ರೂಮಿನ ಬಕೆಟ್, ಮಗ್ಗು, ಸಿಹಿನೀರು ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪ್ ಬೇಡವೇ ಬೇಡ, ಬೇರಿಂಗಿನ ಗ್ರೀಸು ಹೋಗುತ್ತದೆ. ಸೋಪುನೀರು ಹಾಕಿ, ಹಳೆ ಟೂತ್‌ಬ್ರಶ್ಶಿನಿಂದ ಹಿಂದಿನ ಡಿರೇಲರಿನ (ಗೇರು ಬದಲಿಸುವಾಗ ಚೈನನ್ನು ಸರಿಸುವ ಭಾಗ) ಎರಡು ಪುಟ್ಟ ಚಕ್ರಗಳ ಹಲ್ಲು ತಿಕ್ಕಿ. ಕಪ್ಪು ಮುದ್ದೆ ಅಲ್ಲೇ ಜಾಸ್ತಿ. ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಕೊಂಡಿಗೊಂದು ಹನಿ ಚೈನ್ ಲ್ಯೂಬ್. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಲ್ಯೂಬ್ ಇಲ್ಲವಾ? ಹೊಲಿಗೆ ಮಷಿನ್ ಎಣ್ಣೆ ಸದ್ಯಕ್ಕೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ ಮಾರಾಯ್ರೇ. ಬ್ರೇಕ್ ಪ್ಯಾಡಿನಲ್ಲಿ ಮರಳು ಕಚ್ಚಿಕೊಂಡಿದೆಯಾ ಅಂತಲೂ ನೋಡಿ.

ಶಬ್ದ ಹೋಗಿ ಜಾರುವುದು ಉಳಿದರೆ ಬಹುಶಃ ಕೇಬಲ್ಲೇ. ಡಿರೇಲರಿಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು ಕಾಲು ಸುತ್ತು ತಿರುಗಿಸಿ, ಗೇರು ಹಾಕಿ ನೋಡಿ.

ಸರಿಹೋದರೆ ನಾಳೆ ಮಿರ್ಜಾನ್ ಕೋಟೆಗೆ ಧಾರಾಳವಾಗಿ ಹೋಗಿ. ಹೆದ್ದಾರಿ 66ರಲ್ಲಿ ಲಾರಿ ಕಾಟ, ಬೆಳಿಗ್ಗೆ ಬೇಗ ಹೊರಡಿ. ಓಂ ಬೀಚಿನಿಂದ ಆಚೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಇರುವುದು ಕಾಲುದಾರಿ. ಅದಕ್ಕೆ ಸೈಕಲ್ ಯಾಕೆ, ರೂಮಿನಲ್ಲೇ ಬೀಗ ಹಾಕಿಟ್ಟು ನಡೆಯಿರಿ. ಒಬ್ಬರೇ ಅಲ್ವಾ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ.