ಹಳೆಯ ಪ್ರಣಯ ಪೋಸ್ಟ್‌ಕಾರ್ಡ್‌ಗಳನ್ನು ಕ್ಯಾನ್ವಾಸ್ ಮೇಲೆ ಮುದ್ರಿಸಿ ಮಂಗಳೂರಿನ ಮನೆಯ ಗೋಡೆಗೆ ಹಾಕಬಹುದೇ?

ಹಳೆಯ ಹಂಚಿನ ಮನೆ, ಹೊಸ ಮದುವೆ, ಹಾಲ್‌ನ ಗೋಡೆ ತುಂಬ ಯುರೋಪಿನ ಪ್ರೇಮಿಗಳ ಒಂಬತ್ತು ಕ್ಯಾನ್ವಾಸ್‌ಗಳ ಸೆಟ್ಟು. ಯಾವ ಸೆಟ್ಟು ಕೊಳ್ಳಲಿ ಎಂದು ಕೇಳಿ ನೀವು ಬರೆದಿರುವುದು ನಮ್ಮ ಮನೆಯ ಕಥೆಯನ್ನೇ!

ನಮ್ಮದು ಮಂಗಳೂರಿನ ಬಿಜೈ ಕಡೆಯ ಮುರಕಲ್ಲಿನ ಮನೆ. ಮದುವೆಯಾದ ಹೊಸತರಲ್ಲಿ ನನಗೂ ನನ್ನ ಗಂಡನಿಗೂ ಈ ಕಾರ್ಡುಗಳ ಹುಚ್ಚು ಹಿಡಿಯಿತು. ಮೊದಲ ಮಹಾಯುದ್ಧಕ್ಕಿಂತ ಹಿಂದಿನ ಫ್ರೆಂಚ್, ಜರ್ಮನ್ ಕಾರ್ಡುಗಳು. ಸ್ಟುಡಿಯೋದ ಚಿತ್ತಾರದ ಪರದೆಯ ಮುಂದೆ ಮೀಸೆ ತಿರುವಿದ ಗಂಡು, ಗುಲಾಬಿ ಹಿಡಿದ ಹೆಣ್ಣು. ಕಪ್ಪು ಬಿಳುಪಿನಲ್ಲಿ ತೆಗೆದ ಫೋಟೊಗೆ ಆಮೇಲೆ ಕೈಯಿಂದ ಹಚ್ಚಿದ ಬಣ್ಣ. ಒಂದೇ ಜೋಡಿಯ ಐದಾರು ಕಾರ್ಡುಗಳ ಸರಣಿಯೂ ಇರುತ್ತಿತ್ತು. ಮೊದಲನೆಯದರಲ್ಲಿ ನಾಚಿಕೆ, ನಡುವೆ ಮುನಿಸು, ಕೊನೆಯದರಲ್ಲಿ ಮುತ್ತು. ಅವನ್ನು ಒಂದೊಂದಾಗಿ ಅಂಚೆಗೆ ಹಾಕಿ ಕಾಯಿಸುವುದೇ ಆ ಕಾಲದ ಸರಸ. ಅಂಥ ಒಂದು ಸರಣಿಯನ್ನು ದೊಡ್ಡದಾಗಿ ಕ್ಯಾನ್ವಾಸ್ ಮೇಲೆ ಮುದ್ರಿಸಿ ಹಾಲ್‌ನ ಪಡುವಣ ಗೋಡೆಗೆ ಹಾಕಿದೆವು. ಅತ್ತೆ ಕನ್ನಡಕ ಏರಿಸಿ ನೋಡಿ, “ಇವರು ಯಾರು ಮಾರಾಯ್ತಿ, ನಿನ್ನ ಅಪ್ಪನ ಮನೆಯ ಕಡೆಯವರೇ?” ಎಂದರು. ಮುತ್ತಿನ ಕಾರ್ಡನ್ನು ಮಲಗುವ ಕೋಣೆಗೆ ಸಾಗಿಸಿ ಆ ಪ್ರಕರಣ ಮುಗಿಸಿದೆವು.

ಹಣ ಹೋದದ್ದು ಬೇರೆ ಕಾರಣಕ್ಕೆ. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ. ಮುರಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಓರೆಮಳೆ ಬಡಿಯುವುದು ಪಡುವಣ ಗೋಡೆಗೇ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಆ ಗೋಡೆ ಜೂನ್‌ನಲ್ಲಿ ಒದ್ದೆಯಾದರೆ ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಕೆಡಿಸಿದ್ದು ಆ ಜಾಣತನವೇ. ಗೋಡೆಯ ತೇವ ತಾಗದಿರಲಿ ಎಂದು ಪ್ರತಿಯೊಂದು ಚೌಕಟ್ಟಿನ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಎಳೆದು, ಪಿನ್ನು ಹೊಡೆದು, ಸುತ್ತಲೂ ಟೇಪು ಅಂಟಿಸಿದೆ. ತೇವ ಗೋಡೆಯಿಂದ ಮಾತ್ರ ಬರುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಆಗ ಮನೆಯೊಳಗಿನ ಗಾಳಿಯೂ ಒದ್ದೆಯೇ. ಅದು ಮುಂಬದಿಯ ಹತ್ತಿಬಟ್ಟೆಯ ಮೂಲಕ ಒಳಗೆ ಹೋಯಿತು. ಹಿಂದೆ ಪ್ಲಾಸ್ಟಿಕ್ ಇದ್ದುದರಿಂದ ಹೊರಗೆ ಹೋಗಲು ದಾರಿ ಸಿಗಲಿಲ್ಲ. ಸಾಲದ್ದಕ್ಕೆ ಚೌಕಟ್ಟಿನದು ಸರಿಯಾಗಿ ಒಣಗದ ಮರ. ಅದು ಬಿಟ್ಟ ನೀರಂಶವೂ ಅಲ್ಲೇ ಉಳಿಯಿತು. ಹತ್ತಿ, ಅದರ ಮೇಲಿನ ಲೇಪ, ಕತ್ತಲೆ, ಸೆಕೆ: ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಬಾಣಂತನ ಬೇಕೇ? ಪ್ಲಾಸ್ಟಿಕ್ ಹಾಕದೆ, ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳಗಲ ಜಾಗ ಬಿಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು. ಆಟಿ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನೋಡಿದರೆ ಹೆಣ್ಣಿನ ಕೆನ್ನೆಯಲ್ಲಿ ಹಸಿರು ಚುಕ್ಕೆ, ಗಂಡಿನ ಕರಿ ಕೋಟು ಪೂರ್ತಿ ಬೆಳ್ಳಗೆ. ಒರೆಸಿದರೆ ಬೂಷ್ಟಿನ ಜೊತೆ ಬಣ್ಣವೂ ಕಿತ್ತು ಬಂತು. ಎಲ್ಲವನ್ನೂ ಎಸೆದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಸೆಟ್ಟು ಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದೂ ಬೇಡ. ಕ್ಯಾನ್ವಾಸೇ ಬೇಡ. ಪೋಸ್ಟ್‌ಕಾರ್ಡು ಕೈಯಲ್ಲಿ ಹಿಡಿದು ನೋಡುವ ವಸ್ತು, ಅದರ ಅಳತೆ ಐದೂವರೆ ಇಂಚಿಗೆ ಮೂರೂವರೆ. ಇಂಚಿಗೆ 300 ಚುಕ್ಕಿಗಳ ಸ್ಕ್ಯಾನ್ ಮಾಡಿದರೆ ಉದ್ದಕ್ಕೆ ಸಿಗುವುದು 1,650 ಚುಕ್ಕಿ. ಅದನ್ನು 33 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಐವತ್ತು ಉಳಿಯಿತು. ಅದರ ಮೇಲೆ ಬಟ್ಟೆಯ ನೇಯ್ಗೆ ಬೇರೆ. ಕಣ್ಣು ಮೂಗು ಎಲ್ಲ ಕಲಸಿಹೋಗುತ್ತವೆ. 1,200ರಲ್ಲಿ ಸ್ಕ್ಯಾನ್ ಮಾಡಿದರೆ ಇಂಚಿಗೆ ಇನ್ನೂರು ಸಿಗುತ್ತದೆ, ನಿಜ. ಆದರೆ ಮೂಲ ಕಾರ್ಡು ಅಚ್ಚಿನದಾಗಿದ್ದರೆ ಅಚ್ಚಿನ ಚುಕ್ಕಿಗಳೇ ಬರಿಗಣ್ಣಿಗೆ ಕಾಣತೊಡಗುತ್ತವೆ.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 1902ರವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲಾಗಿತ್ತು. ಹೇಳುವುದನ್ನು ಚಿತ್ರದ ಬದಿಯಲ್ಲೇ ಬರೆಯಬೇಕಿತ್ತು. ಅಂಚಿನಲ್ಲಿ ಒತ್ತೊತ್ತಾಗಿ ಬರೆದ ಆ ನಾಲ್ಕು ಸಾಲುಗಳಲ್ಲಿ ಇರುವ ಪ್ರಣಯ ಸ್ಟುಡಿಯೋದಲ್ಲಿ ನಿಂತವರ ಮುಖದಲ್ಲಿ ಇಲ್ಲ. ಸೆಟ್ಟು ಮಾರುವವರು ಎಷ್ಟೋ ಸಲ ಅದನ್ನೇ ಕೊಳೆ ಎಂದು ಕಂಪ್ಯೂಟರಿನಲ್ಲಿ ಅಳಿಸಿರುತ್ತಾರೆ. ಅಳಿಸದೆ ಬಿಟ್ಟರೂ ಕ್ಯಾನ್ವಾಸನ್ನು ಚೌಕಟ್ಟಿಗೆ ಮಡಚುವಾಗ ಅಂಚು ಬದಿಗೆ ಹೋಗಿಬಿಡುತ್ತದೆ.

ನನ್ನ ಮಾತು ಕೇಳುವುದಾದರೆ, ಕೈಬರಹವಿರುವ ಅಸಲಿ ಕಾರ್ಡು ಒಂದೆರಡು ಕೊಳ್ಳಿ. ಅವನ್ನು ದಪ್ಪ ಕಾಗದದ ಮೇಲೆ ಹೆಚ್ಚೆಂದರೆ ಎರಡರಷ್ಟು ದೊಡ್ಡದಾಗಿ ಮುದ್ರಿಸಿ ಗಾಜು ಹಾಕಿಸಿ, ಕಾಗದ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಿಸಿ. ಎರಡು ಕೋಣೆಗಳ ನಡುವಿನ ಒಳಗೋಡೆಗೆ ಹಾಕಿ. ನಾವು ಈಗ ಹಾಗೆಯೇ ಮಾಡಿದ್ದೇವೆ. ಬಂದವರು ಹತ್ತಿರ ಹೋಗಿ ಓದುತ್ತಾರೆ.

ಇಷ್ಟಾದರೂ ಕ್ಯಾನ್ವಾಸೇ ಬೇಕೆಂದರೆ ಹತ್ತಿಯದು ಬೇಡ, ಪಾಲಿಯೆಸ್ಟರ್ ಕೇಳಿ, ಮೇಲೆ ವಾರ್ನಿಷ್ ಹೊಡೆಸಿ. ಕೆಳಗಿನ ಎರಡೂ ಮೂಲೆಗಳ ಹಿಂದೆ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಚೌಕಟ್ಟು ಕಟ್ಟುವವರ ಎದುರು ನಿಂತು, ಹಿಂಬದಿ ಮುಚ್ಚಬೇಡಿ ಎಂದು ಎರಡು ಸಲ ಹೇಳಿ. ಒಂದೇ ಸಲ ಹೇಳಿದರೆ ಅಭ್ಯಾಸಬಲದಿಂದ ಟೇಪು ಹಾಕಿಯೇ ಕೊಡುತ್ತಾರೆ.