ಅಂಗಡಿಯ ಫೋನ್ ಹೊಳೆಯುವುದೇಕೆ?

ಅಂಗಡಿಯಲ್ಲಿ ಝಗಝಗಿಸಿದ ಐಫೋನ್ 15 ಮನೆಯಲ್ಲಿ ಮಂಕಾಗಿದೆ, ಕಳಪೆ ಪರದೆ ಕೊಟ್ಟರೇ ಎಂದು ಕೇಳಿದ್ದೀರಿ. ಇಲ್ಲ, ಪರದೆ ಅದೇ. ಪ್ರದರ್ಶನದ ಫೋನ್ ಡೆಮೊ ಮೋಡ್‌ನಲ್ಲಿ, ಹಗಲಿಡೀ ಚಾರ್ಜರ್‌ಗೆ ಅಂಟಿಕೊಂಡಿರುತ್ತದೆ. ಬ್ಯಾಟರಿಯ ಚಿಂತೆಯಿಲ್ಲದ ಕಾರಣ ಹೊಳಪನ್ನು ಏರಿಸಿಯೇ ಇಟ್ಟಿರುತ್ತಾರೆ. ಅದರಲ್ಲಿ ಓಡುವ ವಿಡಿಯೊ ಕೂಡ ಕಣ್ಣು ಕುಕ್ಕಲೆಂದೇ ಆರಿಸಿದ್ದು: ಕಡುಗಪ್ಪಿನ ಮೇಲೆ ಗಾಢ ಬಣ್ಣ. (ಹಳೆಯ ಡೆಮೊ ಫೋನ್‌ಗಳ ಓಎಲ್‌ಇಡಿ ಪರದೆಯಲ್ಲಿ ಅದೇ ಚಿತ್ರದ ನೆರಳು ಅಚ್ಚೊತ್ತಿರುವುದೂ ಉಂಟು. ಅಷ್ಟು ದುಡಿಸಿರುತ್ತಾರೆ!)

ನಿಮ್ಮ ಫೋನ್ ಕೋಣೆಯ ಬೆಳಕನ್ನು ಅಳೆದು ತಾನಾಗಿಯೇ ಹೊಳಪು ತಗ್ಗಿಸುತ್ತದೆ; ಇದೇ ಆಟೊ ಬ್ರೈಟ್‌ನೆಸ್. ಜತೆಗೆ, ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಟ್ರೂ ಟೋನ್, ಮನೆಯ ಹಳದಿ ಬೆಳಕಿನಲ್ಲಿ ಬಿಳಿಯನ್ನು ಹಳದಿಯತ್ತ ವಾಲಿಸುತ್ತದೆ. ಟ್ರೂ ಟೋನ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲೇ ಸಿಗುತ್ತದೆ. ಆಟೊ ಬ್ರೈಟ್‌ನೆಸ್ ಮಾತ್ರ, ಯಾವ ಪುಣ್ಯಾತ್ಮರ ಯೋಚನೆಯೋ, ಆಕ್ಸೆಸಿಬಿಲಿಟಿಯ ಒಳಗೆ ಅಡಗಿದೆ. ಎರಡನ್ನೂ ಆಫ್ ಮಾಡಿ, ಹೊಳಪನ್ನು ತುದಿಗೆ ಏರಿಸಿ ಹೋಲಿಸಿ ನೋಡಿ. ಆಮೇಲೆ ಆಟೊ ಬ್ರೈಟ್‌ನೆಸ್ ಅನ್ನು ಮತ್ತೆ ಹಾಕಿಬಿಡಿ. ಈ ಪರದೆಯ ಹೊಳಪಿನ ಸಾಮಾನ್ಯ ಗರಿಷ್ಠ 1000 ನಿಟ್ಸ್ (ನಿಟ್ ಎಂದರೆ ಹೊಳಪಿನ ಅಳತೆ). ಬಿಸಿಲಿನಲ್ಲಿ ಅದು 2000ಕ್ಕೆ ಏರಬೇಕಾದರೆ ಆಟೊ ಬ್ರೈಟ್‌ನೆಸ್ ಇರಲೇಬೇಕು.

ಪಕ್ಕದವರಿಗೆ ಕಾಣದಂತೆ ತಡೆಯುವ ಪ್ರೈವೆಸಿ ಗಾಜು ಅಂಟಿಸಿದ್ದರೆ ಮೊದಲು ಅದನ್ನು ಕಿತ್ತು ನೋಡಿ. ಮಂಕಿಗೆ ಅದೂ ಕಾರಣವಿರಬಹುದು.