ಬೈಪೋಲಾರ್‌ನಿಂದ ಸುಧಾರಿಸಿಕೊಂಡ ತಮ್ಮ ಪೀರ್ ಸಪೋರ್ಟ್ ಕೆಲಸಕ್ಕೆ ಹೋಗಬಹುದಾ?

ಬೈಪೋಲಾರ್ (ಅತಿ ಹುಮ್ಮಸ್ಸು, ಅತಿ ಖಿನ್ನತೆ ಬಂದು ಹೋಗುವ ಮಾನಸಿಕ ಕಾಯಿಲೆ) ಇರುವ ತಮ್ಮ ಮೂರು ವರ್ಷದಿಂದ ಚೆನ್ನಾಗಿದ್ದಾನೆ, ಮೂಡಿಗೆರೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಬಂದು ಬೇರೆ ರೋಗಿಗಳ ಜೊತೆ ಮಾತಾಡು, ನಿನ್ನ ಅನುಭವದಿಂದ ಅವರಿಗೆ ಆಸರೆಯಾಗು (ಅದೇ ಪೀರ್ ಸಪೋರ್ಟ್) ಅಂತ ಕರೆದಿದ್ದಾರೆ, ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಿ. ಆದರೆ ಅವನ ಕೆಲಸ ಯಾವುದು, ಯಾವುದಲ್ಲ ಅಂತ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಚೀಟಿ ಬರೆಯೋದು, ಫೈಲ್ ಹುಡುಕೋದು ಎಲ್ಲ ಅವನ ತಲೆಗೇ ಬರುತ್ತೆ. ಬಸ್ ಚಾರ್ಜು, ಆ ದಿನದ ಕೂಲಿ ಶುರುವಿನಲ್ಲೇ ಕೇಳಿ. ಸೇವೆ ಅಂತ ಒಪ್ಪಿಕೊಂಡವನು ಕಾಫಿ ಕೊಯ್ಲು ಬಂದರೆ ನಾಪತ್ತೆ; ಅವನನ್ನು ನಂಬಿಕೊಂಡವರು ಬೆಂಚಿನ ಮೇಲೆ ಕಾಯ್ತಾ ಕೂತಿರುತ್ತಾರೆ.

ನನ್ನ ಪ್ರಕಾರ ಮೊದಲಿಗೆ ವಾರಕ್ಕೆ ಅರ್ಧ ದಿನ, ಇಬ್ಬರೇ ರೋಗಿಗಳು ಸಾಕು. ತನ್ನ ಕತೆ ನಾಲ್ಕು ಮಾತಿನಲ್ಲಿ ಮುಗಿಯಲಿ. 'ನಾನು ಹೀಗೆ ಮಾಡಿದೆ, ನೀವೂ ಮಾಡಿ' ಅಂದರೆ ಕೆಟ್ಟಿತು. ಉಪದೇಶ ಅವರಿಗೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿರುತ್ತೆ.

'ಮಾತ್ರೆ ತಗೋತಿದ್ದೀರಾ?' ಅಂದರೆ ಎಲ್ಲರೂ ಹೂಂ ಅಂತಾರೆ. 'ಯಾವ ಹೊತ್ತಿನದು ತಪ್ಪುತ್ತೆ?' ಅಂತ ಕೇಳಬೇಕು. ಆಗ ಬಾಯಿ ಬಿಡ್ತಾರೆ: ರಾತ್ರಿದು ನುಂಗಿದರೆ ಬೆಳಿಗ್ಗೆ ಏಳಕ್ಕಾಗಲ್ಲ, ತೋಟದಲ್ಲಿ ಹಾಜರಿ ತಪ್ಪುತ್ತೆ. ಅದೇ ಮಾತನ್ನು ಡಾಕ್ಟರ ಮುಂದೆ ಅವರಿಂದಲೇ ಹೇಳಿಸೋದು ತಮ್ಮನ ಕೆಲಸ. ಡೋಸ್ ಕಮ್ಮಿ ಮಾಡಿ ಅಂತ ತಾನೇ ಹೇಳೋದಲ್ಲ. ಲಿಥಿಯಂ (ಬೈಪೋಲಾರ್‌ಗೆ ಕೊಡುವ ಒಂದು ಮಾತ್ರೆ) ತಗೊಳ್ಳುವವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವಾಂತಿಭೇದಿ ಆದರೆ, ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ಕೈ ಜೋರಾಗಿ ನಡುಗಿ, ಮಾತು ತೊದಲಿ, ನಡೆಯುವಾಗ ತೂರಾಡಿದರೆ ಮುಂದಿನ ಮಂಗಳವಾರದವರೆಗೆ ಕಾಯೋ ಹಾಗಿಲ್ಲ, ಅವತ್ತೇ ಆಸ್ಪತ್ರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೌಪ್ಯತೆ ರೋಗಿಯ ಹಕ್ಕು. ಊರು ಚಿಕ್ಕದು. ಸಂತೆಯಲ್ಲಿ ಎದುರಾದರೆ ತಾನಾಗಿ ಮಾತಾಡಿಸಲ್ಲ ಅಂತ ಮೊದಲ ಭೇಟಿಯಲ್ಲೇ ಹೇಳಿಬಿಡಲಿ, ಇಲ್ಲದಿದ್ದರೆ ಮುಖ ತಿರುಗಿಸಿಕೊಂಡು ಹೋದ ಅಂತ ಬೇಜಾರು ಮಾಡ್ಕೋತಾರೆ. ಸಾಯುವ ಮಾತು ಬಂದರೆ ಮಾತ್ರ ಗುಟ್ಟಾಗಿಡಲ್ಲ ಅಂತಲೂ ಹೇಳಿರಲಿ. ಸ್ವಂತ ನಂಬರ್ ಕೊಡೋದು ಬೇಡ, ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಕೊನೇದು ನಿಮಗೆ. ತಮ್ಮ ಎರಡು ರಾತ್ರಿ ಸರಿಯಾಗಿ ಮಲಗದೆಯೂ ಸುಸ್ತೇ ಇಲ್ಲದೆ ಓಡಾಡುತ್ತಿದ್ದರೆ ಆ ವಾರ ಕೆಲಸಕ್ಕೆ ರಜೆ, ಡಾಕ್ಟರಿಗೆ ಫೋನ್. ಅವನಿಗೆ ಅದು ಹುಮ್ಮಸ್ಸು ಅಂತಲೇ ಅನ್ನಿಸುತ್ತೆ. ಹಾಗಾಗಿ ಅವನು ಚೆನ್ನಾಗಿರುವಾಗಲೇ ಈ ಕರಾರನ್ನು ಅವನ ಕೈಯಲ್ಲೇ ಬರೆಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.